ಶಿಬಿರ ಪರೀಕ್ಷಿಸುವ ತಂದೆ

ಮರಾಠಿ ನಾಡಿನ ವಿಠ್ಠಲವಾಡಿಯಲ್ಲಿ ಉಡುಪಿ ಹೋಟೆಲು ನಡೆಸುವ ಸರ್ವೋತ್ತಮ ಶೆಟ್ಟರು, ಮಗಳು ಅನುಷ್ಕಾಳನ್ನು ಮೂರು ದಿನದ ನಿಸರ್ಗ ಶಿಬಿರಕ್ಕೆ ಕಳುಹಿಸುವ ಮೊದಲು ಅಲ್ಲಿಯ ಮೋರಿಯನ್ನು ನೋಡಿಯೇ ತೀರುವ ತಂದೆ. ಸ್ವಾಗತಿಸಲು ಬಂದವರನ್ನು ಮರದಡಿಯೇ ನಿಲ್ಲಿಸಿ ನೇರವಾಗಿ ಅಡುಗೆಮನೆಯ ಹಿಂದಕ್ಕೆ ನಡೆಯುತ್ತಾರೆ. "ಬೋರ್ಡು ಯಾರು ಬೇಕಾದರೂ ಚಂದ ಬರೆಸ್ತಾರೆ ಮಾರಾಯ್ರೆ, ಮೋರಿ ಸುಳ್ಳು ಹೇಳುವುದಿಲ್ಲ" ಎಂಬುದು ಹೋಟೆಲು ಕಲಿಸಿದ ಪಾಠ. ನೀರಿನ ಡ್ರಮ್ಮನ್ನು ಮೂಸುತ್ತಾರೆ, ಡೇರೆಯ ಹಗ್ಗ ಜಗ್ಗುತ್ತಾರೆ, ಹಾವು ಬಂದರೆ ಮೊದಲು ಓಡುವವರು ಯಾರೆಂದು ವಿಚಾರಿಸುತ್ತಾರೆ. ಹಾವಿಲ್ಲವೆಂದ ಶಿಬಿರವನ್ನು ಸುಳ್ಳೆಂದೂ, ಇದೆಯೆಂದ ಶಿಬಿರವನ್ನು ಅಪಾಯವೆಂದೂ ಬಿಟ್ಟುಬಂದರು. "ಕಾಡನ್ನೂ ತೊಳೆದು ಕೊಡಬೇಕಾ ನಿಮಗೆ?" ಎಂದು ಹೆಂಡತಿ ಜಯಲತಾ ಚುಚ್ಚಿದ್ದೂ ನಾಟಲಿಲ್ಲ. ಹೆಸರು ಕೊಡುವ ಕೊನೆಯ ದಿನ, ಐದನೆಯ ಶಿಬಿರದಲ್ಲಿ, ಅವರ ಪ್ರಶ್ನೆಗಳಿಗೆಲ್ಲ ತಾಳ್ಮೆಯಿಂದ ಉತ್ತರಿಸಿದ ಶಿಕ್ಷಕಿ ತುಂಬಲೊಂದು ಅರ್ಜಿ ಕೊಟ್ಟರು. 'ಮಗುವಿಗೆ ಯಾವುದರ ಭಯ?' ಎಂಬ ಸಾಲಿಗೆ ಬಂದಾಗ ಪೆನ್ನು ನಿಂತಿತು. ಊರಿಗೆಲ್ಲ ಪ್ರಶ್ನೆ ಹಾಕಿದವರು ಇದನ್ನು ಮನೆಯಲ್ಲಿ ಎಂದೂ ಕೇಳಿರಲಿಲ್ಲ. "ಅನೂ, ನಿನಗೆ ಎಂಥದ್ದರ ಹೆದರಿಕೆ?" ಎಂದು ಜೊತೆಗೆ ಬಂದಿದ್ದ ಮಗಳನ್ನು ಕೇಳಿದರು. "ಜಂಗಲ್‌ದೆಲ್ಲ ಡರ್ ಇಲ್ಲ ಪಪ್ಪಾ," ಎಂದಳು ಅವಳು ನೆಲ ನೋಡುತ್ತ, "ನೀವು ಇದನ್ನೂ ಬೇಡ ಅಂತೀರಿ ಅಂತಲೇ ಹೆದರಿಕೆ." ಶೆಟ್ಟರು ಆ ಸಾಲನ್ನು ಖಾಲಿ ಬಿಟ್ಟು ಕೆಳಗೆ ಸಹಿ ಹಾಕಿದರು.