ಫೈನಲ್ ಒಪ್ಪದ ಮರಿಸ್ವಾಮಣ್ಣ

ಮರಿಸ್ವಾಮಣ್ಣನ ಗ್ಯಾರೇಜಿನಲ್ಲಿದ್ದ ಟಿ.ವಿ.ಯ ಪರದೆಯ ಮೇಲೆ ಯಾವಾಗ ನೋಡಿದರೂ ಒಂದು ಗ್ರೀಸಿನ ಗೆರೆ ಇರುತ್ತಿತ್ತು. ಅಮೆರಿಕದ ರೇಸ್ ಕಾರುಗಳು ಬೋಗುಣಿಯಂಥ ಮೈದಾನದಲ್ಲಿ ಗುಂಪುಗುಂಪಾಗಿ ಸುತ್ತುವಾಗ, ತಮ್ಮ ಮೆಚ್ಚಿನ ಹಳದಿ ಕಾರು ಎಲ್ಲಿ ಕಣ್ತಪ್ಪಿ ಹೋಗುವುದೋ ಎಂದು ಅವರು ತೋರುಬೆರಳನ್ನು ಅದರ ಮೇಲಿಟ್ಟು, ಅದು ಹೋದತ್ತ ಎಳೆದುಕೊಂಡು ಹೋಗುತ್ತಿದ್ದರು. ಓಡಿಸುವವನ ಹೆಸರು ಅವರ ಬಾಯಲ್ಲಿ ಹೊರಳುತ್ತಿರಲಿಲ್ಲ. "ನಮ್ ಅಳ್ದಿಯಣ್ಣ" ಎನ್ನುತ್ತಿದ್ದರು, ಪಕ್ಕದ ಬೀದಿಯವನೇನೋ ಎಂಬಂತೆ. ಅಳ್ದಿಯಣ್ಣ ಗೆದ್ದ ದಿನ ಗ್ಯಾರೇಜಿನಲ್ಲಿ ಇದ್ದಬದ್ದವರಿಗೆಲ್ಲ ಟೀ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ನಂಜನಗೂಡಿನ ಕಾಲೇಜಿಗೆ ಇಂಗ್ಲಿಷ್ ಮೇಷ್ಟ್ರಾಗಿ ಬಂದಾಗ, ನರಸೀಪುರ ರಸ್ತೆಯಲ್ಲಿ ಅವರ ಗ್ಯಾರೇಜಿನ ಹಿಂದಿನ ಮನೆ ಬಾಡಿಗೆಗೆ ಸಿಕ್ಕಿತು. ಮರಿಸ್ವಾಮಣ್ಣ ಟ್ರಾಕ್ಟರ್ ಮೆಕ್ಯಾನಿಕ್. ಸ್ಕೂಟರನ್ನು ಅವರು ವಾಹನಗಳ ಪೈಕಿ ಸೇರಿಸುತ್ತಲೇ ಇರಲಿಲ್ಲ. ವಾರಕ್ಕೊಮ್ಮೆ ನನ್ನದು ಕೆಟ್ಟು ನಿಂತಾಗ, "ತಕ್ಕಬನ್ನಿ ನಿಮ್ ಆಟದ್ ಸಾಮಾನ" ಎಂದು ಕರೆದು ಎರಡೇ ನಿಮಿಷದಲ್ಲಿ ಸರಿಮಾಡಿ ಕೊಡುತ್ತಿದ್ದರು. ಕೂಲಿ ಕೇಳುತ್ತಿರಲಿಲ್ಲ. ಬದಲಿಗೆ ನಾನು ಮಂಗಳವಾರ ಸಂಜೆ ಅವರ ಪಕ್ಕ ಕೂತು, ಟಿ.ವಿ.ಯಲ್ಲಿ ರೇಸಿನ ಮುಖ್ಯ ಭಾಗಗಳನ್ನು ತೋರಿಸುವಾಗ ಕಾಮೆಂಟರಿಯವರು ಏನು ಹೇಳುತ್ತಿದ್ದಾರೆಂದು ಕನ್ನಡದಲ್ಲಿ ಹೇಳಬೇಕಿತ್ತು. ನನಗೂ ಈ ಏರ್ಪಾಡು ಹಿಡಿಸಿತು. ಕಾಲೇಜಿನಲ್ಲಿ ಎಂಬತ್ತು ಮಂದಿ ಕೂತೂ ಕೇಳದ ನನ್ನ ಪಾಂಡಿತ್ಯವನ್ನು ಇಲ್ಲಿ ಒಬ್ಬರಾದರೂ ಬಾಯಿಬಿಟ್ಟುಕೊಂಡು ಕೇಳುತ್ತಿದ್ದರು.

ನಿಜ ಹೇಳಬೇಕೆಂದರೆ ನನ್ನ ಅನುವಾದ ಅವರಿಗೆ ಅಷ್ಟೇನೂ ಬೇಕಿರಲಿಲ್ಲ. ಕಾರುಗಳು ಎಡಕ್ಕೇ ತಿರುಗುವುದರಿಂದ ಬಲಗಡೆಯ ಟೈರುಗಳಿಗೇ ಪೆಟ್ಟು ಹೆಚ್ಚು ಎಂಬುದನ್ನು ಕಾಮೆಂಟರಿಯವರು ಹೇಳುವ ಮೊದಲೇ ಅವರು ಹೇಳಿದ್ದರು. ಆ ಕಾರುಗಳ ಮುಂದಿನ ದೀಪ ದೀಪವೇ ಅಲ್ಲ, ಬರೀ ಸ್ಟಿಕ್ಕರ್ ಎಂದು ಪತ್ತೆಹಚ್ಚಿದ ದಿನ ಅವರ ಖುಷಿ ನೋಡಬೇಕಿತ್ತು. ಬಾಗಿಲೂ ತೆರೆಯುವುದಿಲ್ಲ, ಓಡಿಸುವವನು ಕಿಟಕಿಯಿಂದಲೇ ನುಸುಳಬೇಕು. "ನೋಡಿ ಮೇಷ್ಟ್ರೇ, ನಮ್ ದೇವನೂರ್ ಬಸ್ಸಿಗೆ ಅತ್ತೋರ್ ತರವೇ ಅತ್ತಾವ್ನೆ. ಟವಲ್ ಒಂದ್ ಆಕಿಲ್ಲ ಅಷ್ಟೆ."

ಎರಡು ಸಾವಿರದ ನಾಲ್ಕರ ಸುಮಾರಿಗೆ ಆ ರೇಸಿನವರು ಚಾಂಪಿಯನ್ನನನ್ನು ಆರಿಸುವ ಪದ್ಧತಿಯನ್ನೇ ಬದಲಿಸಿದರು. ಅಲ್ಲಿಯವರೆಗೆ ವರ್ಷವಿಡೀ ಬಂದ ಅಂಕಗಳಲ್ಲಿ ಯಾರದು ಹೆಚ್ಚೋ ಅವನು ಗೆದ್ದಂತೆ. ಇನ್ನು ಮುಂದೆ ಹಾಗಲ್ಲ. ಇಪ್ಪತ್ತಾರು ರೇಸು ಆದಮೇಲೆ ಮುಂದಿರುವ ಹತ್ತು ಮಂದಿಯನ್ನು ಆರಿಸಿ, ಅವರ ನಡುವಿನ ಅಂತರವನ್ನು ಹೆಚ್ಚುಕಡಿಮೆ ಒರೆಸಿಹಾಕಿ, ಉಳಿದ ಹತ್ತು ರೇಸಿನಲ್ಲಿ ತೀರ್ಮಾನ ಮಾಡುವುದು. ನಾನು ಇದನ್ನು ಬಿಡಿಸಿ ಹೇಳಿದಾಗ ಮರಿಸ್ವಾಮಣ್ಣ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು.

"ಅಂಗಾರೆ ಮೊದ್ಲು ಇಪ್ಪತ್ತಾರು ರೇಸು ಯಾಕ್ ಓಡುಸ್ದ್ರು? ಪೆಟ್ರೋಲ್ ಪುಕ್ಸಟ್ಟೆ ಬಂದಿತ್ತಾ?"

"ಕೊನೇ ಗಳಿಗೆಯ ಒತ್ತಡದಲ್ಲಿ ಯಾರು ನಿಲ್ತಾರೋ ಅವರೇ ನಿಜವಾದ ಚಾಂಪಿಯನ್ ಅಂತ ಅವರ ವಾದ. ನನಗೂ ಅದು ಸರಿ ಅನ್ನಿಸುತ್ತೆ, ಮರಿಸ್ವಾಮಣ್ಣ."

"ನಿಮ್ಗ್ ಅನ್ನುಸ್ದೆ ಇರ್ತದಾ? ವರ್ಸೆಲ್ಲ ಓದ್ದೋನು ಪರೀಕ್ಸೆ ದಿನ ಜರ ಬಂದು ಮನೀಕಂಡ್ರೆ ಫೇಲು ಅನ್ನೋರಲ್ವಾ ನೀವು!"

ಆ ವರ್ಷವಷ್ಟೇ ನನ್ನ ತರಗತಿಯ ಅತಿ ಜಾಣ ಹುಡುಗಿಯೊಬ್ಬಳು ಹಾಗೇ ಫೇಲಾಗಿದ್ದು ಅವರಿಗೆ ಗೊತ್ತಿತ್ತು. ಮುಂದಿನ ಎರಡು ತಿಂಗಳು ಪ್ರತಿ ಮಂಗಳವಾರ ಇದೇ ವ್ಯಾಜ್ಯ ನಡೆಯಿತು, ಟೀಯೂ ನಡೆಯಿತು.

ಈ ಮಾತುಕತೆಯನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳುತ್ತಿದ್ದುದು ನಮಗೆ ತಿಳಿಯಲಿಲ್ಲ. ಅವರು ದೇವನೂರಿನ ರಾಜಣ್ಣ. ಕ್ಲಚ್ ಪ್ಲೇಟ್ ಹಾಕಿಸಲು ಟ್ರಾಕ್ಟರ್ ತಂದಿದ್ದರು. ಸುತ್ತಲಿನ ಟ್ರಾಕ್ಟರ್ ಮಾಲೀಕರ ಸಂಘಕ್ಕೆ ಅವರೇ ಕಾರ್ಯದರ್ಶಿ.

ಸಂಘದವರು ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ರಿವರ್ಸ್ ಸ್ಪರ್ಧೆ ನಡೆಸುತ್ತಿದ್ದರು. ಟ್ರೇಲರ್ ಕಟ್ಟಿದ ಟ್ರಾಕ್ಟರನ್ನು ಎರಡು ಸಾಲು ಬಿದಿರಿನ ಗಳಗಳ ನಡುವೆ, ಅಂಕುಡೊಂಕಾದ ದಾರಿಯಲ್ಲಿ ಹಿಂದಕ್ಕೆ ಓಡಿಸಬೇಕು. ಕೇಳಲು ಸುಲಭ. ಆದರೆ ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ ತಿರುಗಿಸಬೇಕು, ಅದೂ ಕತ್ತು ಹಿಂದಕ್ಕೆ ಹೊರಳಿಸಿಕೊಂಡು. ಕಡಿಮೆ ಹೊತ್ತಿನಲ್ಲಿ ಮುಗಿಸಿದವನು ಗೆದ್ದಂತೆ, ಗಳಕ್ಕೆ ತಾಗಿದರೆ ಹತ್ತು ಸೆಕೆಂಡು ದಂಡ. ಹೆಮ್ಮಿಗೆ, ಹೆಡತಲೆ, ದೇವನೂರು ಹೀಗೆ ಮೂರು ಊರಲ್ಲಿ ಸ್ಪರ್ಧೆ. ಮೊದಲು ಬಂದರೆ ಐದು ಅಂಕ, ಎರಡನೆಯವನಿಗೆ ಮೂರು, ಮೂರನೆಯವನಿಗೆ ಒಂದು. ಮೂರೂ ಊರಿನದು ಸೇರಿಸಿ ಹೆಚ್ಚು ಬಂದವನಿಗೆ ಕಪ್ಪು. ಮರಿಸ್ವಾಮಣ್ಣ ಅಂಪೈರು. ಕೆಂಪು ಬಾವುಟ ಹಿಡಿದು ಗಳಗಳ ಪಕ್ಕದಲ್ಲೇ ಓಡುತ್ತಿದ್ದರು. ಅವರು ಬಾವುಟ ಎತ್ತಿದರೆ ದಂಡ, ಎತ್ತದಿದ್ದರೆ ಇಲ್ಲ. ಹದಿನೈದು ವರ್ಷದಲ್ಲಿ ಅವರ ತೀರ್ಪನ್ನು ಯಾರೂ ಪ್ರಶ್ನಿಸಿರಲಿಲ್ಲ.

ಕಪ್ಪು ಮಾತ್ರ ಎರಡು ವರ್ಷದಿಂದ ಹೆಮ್ಮಿಗೆಯ ಮಾದೇವನದೇ. ಅವನದೇ ಎನ್ನುವುದೂ ತಪ್ಪು. ಮಾದೇವ ಕೂಲಿ ಡ್ರೈವರ್. ಮೈಕಿನಲ್ಲಿ ಕೂಗುತ್ತಿದ್ದುದು ಟ್ರಾಕ್ಟರ್ ಮಾಲೀಕರ ಹೆಸರು, ಕಪ್ಪಿನ ಮೇಲೆ ಕೆತ್ತಿಸುತ್ತಿದ್ದುದೂ ಅದೇ, ಕಪ್ಪು ಹೋಗಿ ಕೂರುತ್ತಿದ್ದುದೂ ಅವರ ಹಜಾರದ ಶೋಕೇಸಿನಲ್ಲೇ. ಮಾದೇವನಿಗೆ ಒಂದು ಹಾರ ಹಾಕಿ ಕಳಿಸುತ್ತಿದ್ದರು. ಒಮ್ಮೆ ಅವನ ಮಗಳು ಅಪ್ಪನ ಕಪ್ಪು ತೋರಿಸು ಎಂದು ಹಟ ಹಿಡಿದಾಗ ಮಾಲೀಕರ ಮನೆಯ ಕಿಟಕಿಯಿಂದ ತೋರಿಸಿಕೊಂಡು ಬಂದನಂತೆ. ಇದನ್ನು ಹೇಳುವಾಗಲೆಲ್ಲ ಮರಿಸ್ವಾಮಣ್ಣ ಸಿಟ್ಟಾಗುತ್ತಿದ್ದರು.

ಮುಂದಿನ ಸುಗ್ಗಿಯ ಹೊತ್ತಿಗೆ ಸಂಘದ ಸಭೆ ಸೇರಿತು. ರಾಜಣ್ಣ ಎದ್ದು ನಿಂತು, ಅಮೆರಿಕದಲ್ಲಿ ಹೀಗೆ ಮಾಡುತ್ತಾರೆಂದು ಶುರುಮಾಡಿ, ಮೂರು ಊರಿನ ಸ್ಪರ್ಧೆಯಾದ ಮೇಲೆ ಮುಂದಿರುವ ನಾಲ್ಕು ಮಂದಿಗೆ ನಂಜನಗೂಡಿನಲ್ಲಿ ಫೈನಲ್ ಇಡೋಣ, ಹಳೆಯ ಅಂಕಕ್ಕೆ ಅಲ್ಲಿ ಬೆಲೆಯಿಲ್ಲ ಎಂದರು. ಮರಿಸ್ವಾಮಣ್ಣ ಮೈಮೇಲೆ ಬಂದವರ ಹಾಗೆ ಎದ್ದರು. ಆದರೆ ರಾಜಣ್ಣನ ಮಾತನ್ನೂ ತಳ್ಳಿಹಾಕುವಂತಿರಲಿಲ್ಲ: "ಮಾದೇವನೇ ಗೆಲ್ಲೋದು ಅಂತ ಎಲ್ಡ್ನೇ ಊರಲ್ಲೇ ಗೊತ್ತಾದ್ಮೇಲೆ ನಮ್ಮೂರ್ಗೆ ಯಾರ್ ಬತ್ತಾರೆ? ಬಿಸ್ಲಲ್ಲಿ ನಿಂತು ನೋಡೋರ್ಗೂ ಒಸಿ ಮಜಾ ಬ್ಯಾಡ್ವಾ?" ಕೈ ಎತ್ತಿಸಿದರು. ಮರಿಸ್ವಾಮಣ್ಣ ಸೋತರು. ಸೋತ ಕೋಪದಲ್ಲೇ, ಫೈನಲ್ ಬೇಕಾದರೆ ಮಾಡಿಕೊಳ್ಳಿ, ಆದರೆ ಕಪ್ಪಿನ ಮೇಲೆ ಓಡಿಸಿದವನ ಹೆಸರು ಕೆತ್ತಿಸದಿದ್ದರೆ ನಾನು ಬಾವುಟ ಹಿಡಿಯುವುದಿಲ್ಲ ಎಂದು ಪಟ್ಟು ಹಿಡಿದರು. ಅವರಿಲ್ಲದೆ ಸ್ಪರ್ಧೆ ನಡೆಯುವಂತಿರಲಿಲ್ಲ. ಒಪ್ಪಿದರು. ಕಪ್ಪು ಅವನ ಮನೆಗೇ ಹೋಗಬೇಕು ಎಂಬುದನ್ನೂ ಸೇರಿಸಿಯೇ ಕೂತರು.

ಗ್ಯಾರೇಜಿಗೆ ಬಂದವರೇ ನನ್ನನ್ನು ದುರುಗುಟ್ಟಿ ನೋಡಿ, "ಇನ್ಮ್ಯಾಕೆ ಏನೂ ಕನ್ನಡ್ದಲ್ಲಿ ಏಳಬ್ಯಾಡಿ ಮೇಷ್ಟ್ರೇ. ಇಂಗ್ಲೀಸಲ್ಲೇ ಇರ್ಲಿ" ಎಂದರು. ಮೂರು ವಾರ ನನ್ನ ಅನುವಾದ ಬಂದ್ ಆಗಿತ್ತು.

ಆ ಸಲ ಮಾದೇವ ಎರಡು ಊರಲ್ಲಿ ಮೊದಲು ಬಂದ, ಒಂದರಲ್ಲಿ ಎರಡನೆಯವನಾದ. ಹದಿಮೂರು ಅಂಕ. ನಾಲ್ಕನೆಯವನಾಗಿ ಫೈನಲಿಗೆ ಬಂದ ದೇವನೂರಿನ ಹುಡುಗನಿಗೆ ಒಂದೇ ಒಂದು. ಫೈನಲ್ ದಿನ ನಂಜನಗೂಡಿನ ಹೊರವಲಯದ ಬಯಲಲ್ಲಿ ಕಾಲಿಡಲು ಜಾಗವಿರಲಿಲ್ಲ. ರಾಜಣ್ಣನ ಮಾತು ಗೆದ್ದಿತ್ತು, ಜನ ಬಂದಿದ್ದರು. ಮಾದೇವನ ಹೆಂಡತಿ, ಮಗಳು ಹೆಮ್ಮಿಗೆಯಿಂದ ಬಂದು ಬುತ್ತಿ ಇಟ್ಟುಕೊಂಡು ಕೂತಿದ್ದರು. ನಾನು ಮರಿಸ್ವಾಮಣ್ಣನ ಹಿಂದೆಯೇ ನಿಂತಿದ್ದೆ.

ದೇವನೂರಿನ ಹುಡುಗ ಎಲ್ಲಿಲ್ಲದ ಅದೃಷ್ಟದಿಂದ ಒಂದು ಗಳಕ್ಕೂ ತಾಗಿಸದೆ ಮುಗಿಸಿ, ಉಳಿದಿಬ್ಬರನ್ನು ಹಿಂದೆ ಹಾಕಿದ. ಕೊನೆಗೆ ಮಾದೇವ. ಅವನು ಹಿಂದಕ್ಕೆ ಬಿಟ್ಟದ್ದನ್ನು ನೋಡಿದರೆ ಟ್ರೇಲರಿಗೂ ಕಣ್ಣಿದೆಯೇನೋ ಅನ್ನಿಸುತ್ತಿತ್ತು. ಆ ಹುಡುಗನಿಗಿಂತ ಆರು ಸೆಕೆಂಡು ಬೇಗ ಗೆರೆ ಮುಟ್ಟಿದ. ಸಿಳ್ಳೆ ಮುಗಿಲು ಮುಟ್ಟಿತು. ಅವನ ಮಗಳು ಆಗಲೇ ಕಪ್ಪಿಟ್ಟಿದ್ದ ಮೇಜಿನತ್ತ ಓಡುತ್ತಿದ್ದಳು.

ನಾನು ಮರಿಸ್ವಾಮಣ್ಣನನ್ನು ನೋಡಿದೆ. ಅವರು ಕೊನೆಯ ಗಳದ ಹತ್ತಿರ ನಿಂತೇ ಇದ್ದರು. ಆ ಗಳ ಅಲುಗಾಡಿದ್ದನ್ನು ನಾನು ಕಂಡಿರಲಿಲ್ಲ, ಅಲ್ಲಿದ್ದ ಯಾರೂ ಕಂಡಿರಲಿಲ್ಲ. ಅವರು ಒಮ್ಮೆ ಆ ಹುಡುಗಿಯ ಕಡೆ ನೋಡಿದರು, ಒಮ್ಮೆ ಮಾದೇವನ ಕಡೆ. ಆಮೇಲೆ ಬಾವುಟ ಎತ್ತಿದರು.

ಗದ್ದಲವಾಯಿತು. ರಾಜಣ್ಣನೇ ಓಡಿಬಂದು, "ಎಲ್ ತಾಗ್ತು ಮರಿಸ್ವಾಮಣ್ಣ? ಯಾರೂ ನೋಡ್ನಿಲ್ವಲ್ಲ?" ಎಂದರು. "ನಾನ್ ನೋಡ್ದೆ" ಎಂದಷ್ಟೇ ಹೇಳಿ ಮರಿಸ್ವಾಮಣ್ಣ ಬಾವುಟವನ್ನು ಎತ್ತಿಯೇ ನಿಂತರು. ಮಾದೇವ ಇಳಿದು ಬಂದು ಮಗಳ ಕೈ ಹಿಡಿದು ಹೊರಟುಹೋದ. ಹತ್ತು ಸೆಕೆಂಡು ದಂಡ ಬಿದ್ದು, ನಾಲ್ಕು ಸೆಕೆಂಡಿನ ಅಂತರದಲ್ಲಿ ಕಪ್ಪು ದೇವನೂರಿನ ಹುಡುಗನಿಗೆ ಸಿಕ್ಕಿತು. ಟ್ರಾಕ್ಟರಿನ ಮಾಲೀಕನೂ ಅವನೇ, ಡ್ರೈವರೂ ಅವನೇ. ಯಾರ ಹೆಸರು ಕೆತ್ತಬೇಕೆಂಬ ತಕರಾರೇ ಬರಲಿಲ್ಲ.

ಆ ಸಂಜೆ ನಾನು ಗ್ಯಾರೇಜಿನಲ್ಲಿ ಅವರ ಮೇಲೆ ಹರಿಹಾಯ್ದೆ. ಫೈನಲ್ಲೇ ಮೋಸ ಎಂದು ವರ್ಷವೆಲ್ಲ ಕೂಗಿದವರು ನೀವು. ಯೋಗ್ಯನಾದವನು ಗೆಲ್ಲುವುದು ನಿಮ್ಮ ಕೈಯಲ್ಲೇ ಇತ್ತಲ್ಲ, ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು ಎಂದೆ.

ಅವರು ಕೈಗೆ ಸೀಮೆಎಣ್ಣೆ ಹಚ್ಚಿ ಗ್ರೀಸ್ ತೊಳೆಯುತ್ತಿದ್ದರು. ಬಹಳ ಹೊತ್ತು ತೊಳೆದರು. "ಫೈನಲ್ ಬ್ಯಾಡ ಅಂತ ಮೀಟಿಂಗಲ್ಲಿ ಏಳ್ದೆ, ಸೋತೆ. ಮೀಟಿಂಗಲ್ಲಿ ಸೋತಿದ್ದ ಮೈದಾನ್ದಲ್ಲಿ ಕಳ್ತನ ಮಾಡಿ ಗೆಲ್ಲಕಾಯ್ತದಾ ಮೇಷ್ಟ್ರೇ? ಚಾಂಪಿಯನ್ನು ಮಾದೇವನೇ ಕಣ್ರೀ. ಕಪ್ಪು ಮಾತ್ರ ಆ ಉಡ್ಗಂದು." ಆಮೇಲೆ ಮೆಲ್ಲಗೆ, "ಆ ಮಗಿನ ಮಕ ನೋಡ್ಬಾರ್ದಾಗಿತ್ತು ನಾನು" ಎಂದರು. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಾದೇವ ಅವರ ಗ್ಯಾರೇಜಿಗೆ ಬರುವುದನ್ನು ಬಿಟ್ಟ. ಟ್ರಾಕ್ಟರ್ ಕೆಟ್ಟರೆ ನರಸೀಪುರದ ಇನ್ನೊಬ್ಬ ಮೆಕ್ಯಾನಿಕ್ಕನ ಹತ್ತಿರ ಹೋಗುತ್ತಿದ್ದ. ಸ್ಪರ್ಧೆಗೂ ಮತ್ತೆ ಬರಲಿಲ್ಲ. ಮರಿಸ್ವಾಮಣ್ಣ ಯಾರಾದರೂ ಹೆಮ್ಮಿಗೆ ಕಡೆಯವರು ಬಂದರೆ, ಬೇರೆ ಏನೋ ಕೇಳುವವರಂತೆ ಶುರುಮಾಡಿ, ಕೊನೆಗೆ "ಮಾದೇವ ಎಂಗವ್ನೆ?" ಎನ್ನುತ್ತಿದ್ದರು. ನಾನಂತೂ ಒಳಗೊಳಗೇ ಅವರ ಮೇಲೆ ಸಿಟ್ಟನ್ನು ಉಳಿಸಿಕೊಂಡೇ ಇದ್ದೆ. ಇಷ್ಟು ಪ್ರೀತಿಯ ಮನುಷ್ಯ ಅಷ್ಟು ಕಟುವಾಗಿ ನಡೆದುಕೊಳ್ಳಬಾರದಿತ್ತು ಅನ್ನಿಸುತ್ತಿತ್ತು.

ನನಗೆ ಮೈಸೂರಿಗೆ ವರ್ಗವಾಯಿತು. ಎರಡು ವರ್ಷದ ಮೇಲೆ ಮರಿಸ್ವಾಮಣ್ಣ ಎದೆನೋವಿನಿಂದ ಹೋಗಿಬಿಟ್ಟರೆಂದು ರಾಜಣ್ಣ ಫೋನ್ ಮಾಡಿದರು. ತಿಥಿಯ ದಿನ ನಂಜನಗೂಡಿಗೆ ಹೋದಾಗ, ಮನೆಯ ಮುಂದೆ ಟ್ರಾಕ್ಟರಿನಿಂದ ಕುರ್ಚಿ ಇಳಿಸುತ್ತಿದ್ದವನು ಮಾದೇವ. ಯಾರೂ ಕರೆಯದೆ ಬೆಳಗ್ಗೆಯೇ ಬಂದಿದ್ದನಂತೆ. ಊಟವಾದ ಮೇಲೆ ನನ್ನ ಹತ್ತಿರ ಬಂದು ಕೂತ.

"ನಿಂಗೆ ಅನ್ಯಾಯ ಆಯ್ತು ಕಣಪ್ಪ ಅವತ್ತು" ಎಂದೆ. ಇಷ್ಟು ವರ್ಷ ಅವನಿಗೆ ಹೇಳಬೇಕೆಂದುಕೊಂಡಿದ್ದ ಮಾತು.

ಅವನು ತಲೆಯಾಡಿಸಿದ. "ಇಲ್ಲ ಸಾ. ಟ್ರೇಲರ್ ಗಳಕ್ಕೆ ತಾಗಿದ್ದು ನಂಗೆ ಗೊತ್ತಾಯ್ತು, ಸ್ಟೇರಿಂಗಲ್ಲಿ ಕೈಗ್ ಬತ್ತದೆ ಅದು. ಯಾರೂ ನೋಡ್ನಿಲ್ಲ ಅಂತ ಸುಮ್ನಿದ್ದೆ. ಮಗು ಓಡ್ತಾ ಇತ್ತಲ್ಲ. ಅವ್ರು ಬಾವುಟ ಎತ್ತದೆ ಓಗಿದ್ರೆ ನಾನಾಗೇ ಏಳ್ತಿದ್ನಾ ಅಂತ ಇವತ್ಗೂ ಗೊತ್ತಿಲ್ಲ ನಂಗೆ. ಕದ್ದಿದ್ ಕಪ್ಪ ಮಗಳ ಕೈಗ್ ಕೊಟ್ಬುಡ್ತಿದ್ದೆ ಸಾ. ಅದ ತಪ್ಪುಸ್ದ್ರು ಅವ್ರು." ಮತ್ತೆ ಹೇಳಿದ. "ಇದ ಅವ್ರ್ಗೆ ಏಳ್ಬೇಕು ಅಂತ ಮೂರ್ ಸಲ ಗ್ಯಾರೇಜ್ ಗಂಟ ಬಂದಿದ್ದೆ. ಒಳ್ಗೆ ಜನ ಇದ್ರು, ಆಮೇಕೆ ಬರನಾ ಅಂತ ವಾಪಸ್ ಓದೆ."