ಎದುರು ದಡದ ಎಡಗೈಯವನು

ಕೋಲ್ಟರ್ ಊರಿನಲ್ಲಿ ಡೆನ್ನಿ ಹುದಾಕ್ ಒಂದು ಮಾತು ಹೇಳಿದನೆಂದರೆ ಅದನ್ನು ಯಾರೂ ಮರುತೂಕ ಮಾಡುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅವನು ಮಾನ್ ನದಿಯ ಅಂಚಿನ ಗುಜರಿ ಯಾರ್ಡಿನಲ್ಲಿ ತೂಕದ ಕಟ್ಟೆ ಕಾಯುತ್ತಿದ್ದವನು. ಲಾರಿ ಗೇಟಿನೊಳಗೆ ಬರುತ್ತಿದ್ದಂತೆ ಚಕ್ರ ಎಷ್ಟು ಕುಸಿದಿದೆ ಎಂದು ನೋಡಿಯೇ ಇದರಲ್ಲಿ ಇಷ್ಟು ತಾಮ್ರ, ಇಷ್ಟು ಕಬ್ಬಿಣ, ಇಷ್ಟು ತೂಕ ಹೆಚ್ಚಲೆಂದೇ ನೆನೆಸಿ ತುಂಬಿದ ಮಣ್ಣು ಎಂದು ಹೇಳಿಬಿಡುತ್ತಿದ್ದ. ಅದೇ ಕಣ್ಣನ್ನು ಶರತ್ಕಾಲದ ಶುಕ್ರವಾರಗಳಲ್ಲಿ ಶಾಲೆಯ ಫುಟ್‌ಬಾಲ್ ಮೈದಾನಕ್ಕೂ ಒಯ್ಯುತ್ತಿದ್ದ. ಈ ಆಟದಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಒಬ್ಬ ಸರಿಯಿದ್ದರೆ ಉಳಿದ ಹತ್ತು ಮಂದಿಯೂ ಸರಿಯಿದ್ದ ಹಾಗೆ ಕಾಣುತ್ತಾರೆ. ಅವನು ಕೆಟ್ಟರೆ ಹತ್ತು ಮಂದಿಯ ಅಪ್ಪಂದಿರೂ ಕೆಡುತ್ತಾರೆ. ಐದು ವರ್ಷದ ಹಿಂದೆ ಎದುರು ದಡದ ಫೆರಿಸ್‌ಟನ್ನಿನವರು ತಮ್ಮ ಕ್ವಾರ್ಟರ್‌ಬ್ಯಾಕನ್ನು ಹೊತ್ತು ಮೆರೆಸುತ್ತಿದ್ದಾಗ ಡೆನ್ನಿ ಬೇಲಿಯಾಚೆಯಿಂದ ಒಮ್ಮೆ ನೋಡಿ, "ಈ ಭುಜ ಅಕ್ಟೋಬರ್ ದಾಟಲ್ಲ" ಎಂದಿದ್ದ. ಅಕ್ಟೋಬರಿನ ಮೂರನೆಯ ವಾರ ಆ ಹುಡುಗ ಕೈಯನ್ನು ಜೋಳಿಗೆಗೆ ಹಾಕಿಕೊಂಡು ಕೂತ. ಆಮೇಲೆ ಡೆನ್ನಿಯ ಮಾತಿಗೆ ಊರಿನಲ್ಲಿ ಏರಿದ ದರ ಇಳಿಯಲೇ ಇಲ್ಲ.

ಮನೆಯಲ್ಲಿ ಮಾತ್ರ ಆ ದರ ನಡೆಯಲಿಲ್ಲ. ಹೆಂಡತಿ ರೆನೇ ಬಿಟ್ಟು ನಾಲ್ಕು ವರ್ಷವಾಗಿತ್ತು. ಮಗ ನೋಲನ್ ತಾಯಿಯ ಜೊತೆ ಎರಡು ಬೀದಿ ಆಚೆ ಇದ್ದ. ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಅಪ್ಪ ಮಗ ಯಾರ್ಡಿನ ಹಿಂದೆ ಲಾರಿ ಟೈರೊಂದನ್ನು ನೇತುಹಾಕಿ ಅದರೊಳಗೆ ಚೆಂಡು ತೂರಿಸುತ್ತಿದ್ದರು. ನೋಲನ್ನನದು ಒಳ್ಳೆಯ ಕೈ. ಅಪ್ಪನೆಂಬ ಕಾರಣಕ್ಕೆ ಹೇಳುವ ಒಳ್ಳೆಯದಲ್ಲ, ಕಟ್ಟೆಯ ಮೇಲೆ ಇಟ್ಟು ಹೇಳುವ ಒಳ್ಳೆಯದು. ಆದರೆ ಕೋಲ್ಟರಿನಲ್ಲಿ ಕ್ವಾರ್ಟರ್‌ಬ್ಯಾಕ್ ಜಾಗ ಇನ್ನೆರಡು ವರ್ಷ ಚಕ್ ಬಲೋಗನ ಮಗನಿಗೆ, ಅವನೂ ನೋಲನ್ನನ ತರಗತಿಯವನೇ. ಅದೂ ನ್ಯಾಯವಾಗಿಯೇ, ಅವನ ಕೈ ಇನ್ನೂ ಒಳ್ಳೆಯದು.

ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾದ ವಾರ, ಮಂಗಳವಾರ, ರೆನೇ ಯಾರ್ಡಿಗೇ ಬಂದಳು. ಕಾರಿನಿಂದ ಇಳಿಯಲಿಲ್ಲ, ಕಿಟಕಿ ಇಳಿಸಿದಳು.

"ಫೆರಿಸ್‌ಟನ್ ವೃದ್ಧಾಶ್ರಮದಲ್ಲಿ ಹೆಡ್ ನರ್ಸ್ ಕೆಲಸ ಸಿಕ್ತು. ಜೂನಲ್ಲಿ ಹೋಗ್ತೀವಿ. ನೋಲನ್ ಅಲ್ಲಿ ಶಾಲೆಗೆ ಸೇರ್ತಾನೆ."

"ಫೆರಿಸ್‌ಟನ್ನಾ?"

"ಸೇತುವೆ ಆಚೆ ಇದೆ ಡೆನ್ನಿ, ಚಂದ್ರನ ಮೇಲಲ್ಲ. ಇನ್ನೊಂದು ವಿಷಯ. ಅಲ್ಲಿ ಕ್ವಾರ್ಟರ್‌ಬ್ಯಾಕ್ ಜಾಗ ಖಾಲಿ ಇದೆ, ಅವನಿಗೆ ಆಡ್ಬೇಕು ಅಂತ ಆಸೆ. ಆದ್ರೆ ಆಟಕ್ಕೋಸ್ಕರಾನೇ ಊರು ಬಿಟ್ಟ ಅಂತ ಯಾರಾದ್ರೂ ಕ್ರೀಡಾ ಸಂಘಕ್ಕೆ ಒಂದು ಕಾಗದ ಬರೆದ್ರೆ ಮುಗೀತು, ಒಂದು ವರ್ಷ ಹೊರಗೆ. ಅದೂ ಬರೆಯೋನು ಚಕ್ಕೇ ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ಶುಕ್ರವಾರ ಮೀನು ಕರಿಯೋ ಜಾಗದಲ್ಲಿ ಬಾಯಿ ಬಿಡ್ಬೇಡ."

"ನಾನ್ಯಾಕೆ ಬಿಡ್ಲಿ?"

"ನೀನು ಬೇರೆ ಏನನ್ನ ಬಿಟ್ಟಿದ್ದೀಯ ಇಲ್ಲೀವರೆಗೆ?" ಎಂದು ಕಿಟಕಿ ಏರಿಸಿಕೊಂಡು ಹೋದಳು.

ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸ ತಿನ್ನುವಂತಿಲ್ಲವಾದ್ದರಿಂದ ಊರಿನ ಅಗ್ನಿಶಾಮಕ ದಳದ ಕಟ್ಟಡವಾದ ಫೈರ್ ಹಾಲಿನ ನೆಲಮಾಳಿಗೆಯಲ್ಲಿ ಮೀನು ಕರಿಯುತ್ತಾರೆ. ಬಂದ ಹಣ ಬೆಂಕಿ ಆರಿಸುವ ಬಂಡಿಗೆ. ಡೆನ್ನಿಯ ಕೆಲಸ ಮೀನನ್ನು ಹಿಟ್ಟು, ಮೊಟ್ಟೆ, ರೊಟ್ಟಿಪುಡಿಯಲ್ಲಿ ಹೊರಳಿಸುವುದು. ದಳದ ಮುಖ್ಯಸ್ಥ ಚಕ್ ಬಲೋಗ್ ಬಾಣಲೆಯ ಮುಂದೆ. ಎಪ್ಪತ್ತೊಂಬತ್ತರ ಸ್ಟಶ್ ಕುರ್ಚಿಯ ಮೇಲೆ ಕೂತು ಆಲೂಗಡ್ಡೆ ಸುಲಿಯುತ್ತಾನೆ, ಅಂದರೆ ಕೂತಿರುತ್ತಾನೆ. ಆಚೆ ಮೇಜಿನಲ್ಲಿ ಡಾಟ್ ಪೆಟ್ರಸ್ಕಾ ಹಿಟ್ಟಿನೊಳಗೆ ಆಲೂಗಡ್ಡೆ ಇಟ್ಟು ಪಿರೋಗಿಯ ಅಂಚು ಒತ್ತುತ್ತಾಳೆ. ಕೋಲ್ಟರಿನ ಆಟ ನವೆಂಬರಿನಲ್ಲೇ ಮುಗಿದಿತ್ತು, ಮುಂದಿನದು ಆಗಸ್ಟಿಗೆ. ಮಧ್ಯದ ಒಂಬತ್ತು ತಿಂಗಳು ಮಾತಾಡಲು ಇದ್ದದ್ದು ಎದುರು ದಡದವರ ಸಂಕಟವೊಂದೇ: ಅವರ ಕ್ವಾರ್ಟರ್‌ಬ್ಯಾಕ್ ಶಾಲೆ ಮುಗಿಸಿ ಹೋಗುತ್ತಿದ್ದ. ಇನ್ನು ಯಾರು?

"ಆ ಉದ್ದನೆಯವನು, ಡೆಲ್‌ವೆಕಿಯೊ. ಅವನನ್ನೇ ನಿಲ್ಲಿಸ್ತಾರೆ ನೋಡ್ತಿರು," ಎಂದ ಚಕ್. "ಆರಡಿ ನಾಲ್ಕಿಂಚು!"

"ದೀಪದ ಕಂಬ ಇನ್ನೂ ಎತ್ತರ ಇರುತ್ತೆ ಕಣೋ," ಎಂದ ಸ್ಟಶ್. "ಅದಕ್ಕೂ ಒಂದು ಜೆರ್ಸಿ ತೊಡಿಸ್ಲಿ."

"ಕುಸ್ತಿ ಆಡ್ತಾನಲ್ಲ ಟ್ರೆಸ್ಲರ್, ಅವನಾದ್ರೆ?"

"ಅವನ ಕೈಗೆ ಚೆಂಡು ಕೊಟ್ರೆ ಅದನ್ನೂ ನೆಲಕ್ಕೆ ಕೆಡವಿ ಮೇಲೆ ಕೂತ್ಕೋತಾನೆ."

"ಉಳಿದೋನು ಹಲ್ಲಿನ ಡಾಕ್ಟರ ಮಗ, ಎಡಗೈ ಕಂಕಲ್," ಎಂದ ಚಕ್. ಇದಕ್ಕೆ ಎಲ್ಲರೂ ನಕ್ಕರು. ಕಂಕಲ್ ಎಸೆದ ಚೆಂಡು ಏಟು ತಿಂದ ಬಾತುಕೋಳಿಯ ಹಾಗೆ ಒದ್ದಾಡುತ್ತ ಹೋಗುತ್ತದೆ ಎಂದು ಹಿಂದಿನ ವರ್ಷ ಹೇಳಿದ್ದವನು ಡೆನ್ನಿಯೇ.

ಡಾಟ್ ತಲೆಯೆತ್ತದೆ ಹೇಳಿದಳು: "ಹೊರಗಿಂದ ಯಾರೋ ಬರ್ತಾರಂತಪ್ಪ. ನನ್ನ ನಾದಿನಿ ಆ ಶಾಲೆ ಆಫೀಸಲ್ಲೇ ಇರೋದು. ಜೂನಲ್ಲಿ ಒಬ್ಬ ಹೊಸ ಹುಡುಗ ಸೇರ್ತಾನೆ, ಎಸೆಯೋನು ಅಂದ್ಲು."

ಚಕ್ ಜರಡಿಸೌಟನ್ನು ಬಾಣಲೆಯ ಮೇಲೆಯೇ ಹಿಡಿದು ನಿಂತ. "ಹೊರಗಿಂದ ಅಂದ್ರೆ ಎಲ್ಲಿಂದ?"

ಡೆನ್ನಿಯ ಕೈ ರೊಟ್ಟಿಪುಡಿಯಲ್ಲಿ ಹೂತುಹೋಗಿತ್ತು. ಏನಾದರೂ ಹೇಳಲೇಬೇಕಿತ್ತು, ಈ ಮಾತು ಇನ್ನೊಂದು ಹೆಜ್ಜೆ ಇಡುವ ಮೊದಲು. "ಹೊರಗಿನವನು ಯಾಕೆ ಬೇಕು ಅವರಿಗೆ? ಕಂಕಲ್ ಇದಾನಲ್ಲ," ಎಂದುಬಿಟ್ಟ.

"ಯಾರು, ಬಾತುಕೋಳಿನಾ?"

"ಹೋದ ವರ್ಷದ ಕಂಕಲ್ ಬೇರೆ, ಈ ವರ್ಷದವನು ಬೇರೆ. ಚಳಿಗಾಲದಲ್ಲಿ ನೋಡ್ದೆ ನಾನು. ಮಣಿಕಟ್ಟು ಬದಲಾಗಿದೆ. ಎಡಗೈ ಬೇರೆ, ಚೆಂಡು ತಿರುಗೋದೇ ಉಲ್ಟಾ. ನಮ್ಮ ಹುಡುಗರು ಅಂಥದ್ದನ್ನ ಹುಟ್ಟಿದಾಗಿಂದ ಹಿಡಿದಿಲ್ಲ, ತಡೆದಿಲ್ಲ. ನನ್ನನ್ನ ಕೇಳಿದ್ರೆ, ಅವರ ಹತ್ರ ಇರೋದ್ರಲ್ಲಿ ನಾನು ಹೆದರೋದು ಅವನೊಬ್ಬನಿಗೇ."

ಒಂದೂ ನಿಜವಲ್ಲ. ಆದರೆ ಹೇಳಿದವನು ಡೆನ್ನಿ ಹುದಾಕ್. ಹೊರಗಿನ ಹುಡುಗನನ್ನು ಎಲ್ಲರೂ ಮರೆತರು, ಡಾಟ್ ಕೂಡ.

ಒಂದು ವಾರದಲ್ಲಿ ಸುಳ್ಳಿಗೆ ಕೈಕಾಲು ಬಂದವು. ಎರಡನೆಯ ಶುಕ್ರವಾರ ಸ್ಟಶ್, ತನ್ನ ಕಾಲದಲ್ಲಿ ಒಬ್ಬ ಎಡಗೈಯವನು ಒಂದೇ ಆಟದಲ್ಲಿ ಚೆಂಡನ್ನು ಏಳು ಸಲ ಗೆರೆ ದಾಟಿಸಿದ್ದನ್ನು ನೆನಪಿಸಿಕೊಂಡ. ಮೂರನೆಯದರಲ್ಲಿ ಅದು ಒಂಬತ್ತಾಯಿತು. ಚಕ್‌ಗೆ ರಾತ್ರಿ ನಿದ್ದೆ ಬರಲಿಲ್ಲವಂತೆ. ಅವನು ಕೋಲ್ಟರ್ ಕೋಚಿಗೆ ಫೋನು ಮಾಡಿ, ವಸಂತದ ಅಭ್ಯಾಸಕ್ಕೆ ಎಲ್ಲಿಂದಲೋ ಒಬ್ಬ ಎಡಗೈಯವನನ್ನು ಹುಡುಕಿ ತರಿಸಿದ. ಅಂಚೆ ಹಂಚುವ ಇಪ್ಪತ್ತೈದು ವರ್ಷದ ಗಂಡಸು, ಪಾಪ, ಸಂಜೆ ಚೀಲ ಇಳಿಸಿ ಬಂದು ಮಕ್ಕಳಿಗೆ ಚೆಂಡು ಎಸೆದು ಹೋಗುತ್ತಿದ್ದ.

ಇಲ್ಲಿ ಡೆನ್ನಿ ಮರೆತ ಸಂಗತಿ ಒಂದೇ, ಅದೂ ಯಾವ ವ್ಯಾಪಾರಿಯೂ ಮರೆಯಬಾರದ್ದು. ಫೆರಿಸ್‌ಟನ್ನಿನವರ ಫೈರ್ ಹಾಲಿನಲ್ಲಿ ಮೀನು ಬೆರಳಿನಷ್ಟು ತೆಳ್ಳಗೆ, ಹಿಟ್ಟೇ ಜಾಸ್ತಿ. ಆದ್ದರಿಂದ ಅಲ್ಲಿನವರು ಮಾನ ಬಿಟ್ಟು, ತಮ್ಮ ತಂಡದ ಹಸಿರು ಟೋಪಿಯನ್ನು ಕಾರಿನಲ್ಲೇ ಬಿಟ್ಟು, ಕೋಲ್ಟರಿನ ಸಾಲಿನಲ್ಲಿ ನಿಲ್ಲುತ್ತಿದ್ದರು. ಕೋಸು-ಶಾವಿಗೆ ಬಡಿಸಿಕೊಂಡು ಮೂಲೆಯಲ್ಲಿ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಅವರ ಕಿವಿಗಳೇನೂ ಉಪವಾಸವಿರಲಿಲ್ಲ. ಕೋಲ್ಟರಿನವರು ಕಂಕಲ್‌ಗೆ ಹೆದರಿದ್ದಾರೆ, ಎಡಗೈ ತಡೆಯಲೆಂದೇ ಅಭ್ಯಾಸ ಮಾಡುತ್ತಿದ್ದಾರೆ ಎಂಬ ಸುದ್ದಿ ಮೀನಿನ ಪೊಟ್ಟಣದ ಜೊತೆಗೇ ಸೇತುವೆ ದಾಟಿತು. ಎದುರಂಗಡಿಯವನು ನಿನ್ನ ಮಾಲಿಗೆ ಹೆದರಿದ್ದಾನೆ ಎಂದು ಗೊತ್ತಾದ ಮೇಲೆ ಅದನ್ನು ಮುಂದಿನ ಗಾಜಿನಲ್ಲಿ ಇಡದವನು ಯಾರು?

ಶುಭ ಶುಕ್ರವಾರದ ಹೊತ್ತಿಗೆ ಡೆನ್ನಿಗೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ತಿಳಿಯಿತು. ನೋಲನ್ನೇ ಕೇಳಿದ್ದ: "ಅಪ್ಪಾ, ಫೆರಿಸ್‌ಟನ್ನಲ್ಲಿ ಕಂಕಲ್ ಅಂತ ಒಬ್ಬ ಇದಾನಂತೆ, ಭಾರೀ ಅಂತೆ. ನೀನು ನೋಡಿದ್ದೀಯಾ?" ಆ ಸಂಜೆ ಫೈರ್ ಹಾಲಿನಲ್ಲಿ ಹಿಟ್ಟು ಕಲಸುತ್ತ ಡೆನ್ನಿ ಮಾತು ತೆಗೆದ.

"ಆ ಕಂಕಲ್ ವಿಷಯ... ನಾನು ಸ್ವಲ್ಪ ಜಾಸ್ತಿ ಹೇಳಿದ್ನೇನೋ. ಮೊನ್ನೆ ಮತ್ತೆ ನೋಡ್ದೆ. ಅದೇ ಬಾತುಕೋಳಿ."

ಚಕ್ ನಗತೊಡಗಿದ. "ನೋಡಿದ್ರಾ? ಈಗ ಬಂತು! ಲೇ ಡೆನ್ನಿ, ನಾನು ನಿನ್ನ ಯಾರ್ಡಿಗೆ ತಾಮ್ರ ತಂದಾಗಲೂ ಹಿಂಗೇ ಅಲ್ವಾ ನೀನು? ಮೊದಲು ಮುಖ ಅರಳುತ್ತೆ, ಆಮೇಲೆ 'ಅಯ್ಯೋ, ಇದು ಹಳೇದು, ಕಿಲುಬು ಹಿಡಿದಿದೆ' ಅಂತೀಯ."

"ನಿಜ ಹೇಳ್ತಿದೀನಿ ಮಾರಾಯ."

"ಮೂಲೆ ಮೇಜಲ್ಲಿ ಫೆರಿಸ್‌ಟನ್ನೋರು ಕೂತಿದಾರೆ, ಅದಕ್ಕೇ ಹೇಳ್ತಿದಾನೆ," ಎಂದು ಸ್ಟಶ್ ಕಣ್ಣು ಹೊಡೆದ. "ಜಾಣ ಕಣೋ ನೀನು."

ಮೂಲೆ ಮೇಜಿನವರೂ ಹಾಗೆಯೇ ಅಂದುಕೊಂಡಿರಬೇಕು. ಒಬ್ಬ ಫೋರ್ಕನ್ನು ತಟ್ಟೆಯಲ್ಲೇ ಬಿಟ್ಟು ಹೊರಗೆ ಹೋಗಿ ಯಾರಿಗೋ ಫೋನು ಮಾಡಿದ.

ಜೂನಿನಲ್ಲಿ ರೆನೇ ಮನೆ ಸಾಗಿಸಿದಳು. ಊರಿನಲ್ಲಿ ಯಾರೂ ಏನೂ ಅನ್ನಲಿಲ್ಲ. ಅಲ್ಲಿ ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಕಂಕಲ್ ಗೊತ್ತಾಗಿರುವಾಗ ನೋಲನ್ ಆಟಕ್ಕೋಸ್ಕರ ಹೋದ ಎಂದು ಅನ್ನುವುದಾದರೂ ಹೇಗೆ? ಚಕ್ ತಾನೇ ಬಂದು ಸೋಫಾದ ಒಂದು ಮೂಲೆ ಹಿಡಿದು ಲಾರಿಗೆ ಏರಿಸಿದ. "ಹುಡುಗನಿಗೆ ಬೇಜಾರಾಗುತ್ತೆ ಪಾಪ, ಅಲ್ಲಿ ಬೆಂಚೇ ಗತಿ," ಎಂದ. ಯಾರೂ ಕ್ರೀಡಾ ಸಂಘಕ್ಕೆ ಕಾಗದ ಬರೆಯಲಿಲ್ಲ. ಡೆನ್ನಿ ಹೂಡಿದ ಸುಳ್ಳು ಹೂಡಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿ ಮುಗಿಸಿತ್ತು. ಇನ್ನು ನಿಲ್ಲು ಎಂದರೆ ಮಾತ್ರ ನಿಲ್ಲುತ್ತಿರಲಿಲ್ಲ.

ಆಗಸ್ಟಿನ ಎರಡನೆಯ ವಾರ, ಬಿಸಿಲಿನ ಅಭ್ಯಾಸ ಶುರುವಾದ ನಾಲ್ಕನೆಯ ದಿನ, ನೋಲನ್ ಫೋನು ಮಾಡಿದ.

"ಕಂಕಲ್‌ನ ಹೆಸರು ಹಾಕಿದ್ರು ಅಪ್ಪಾ. ನಾನು ಎರಡನೆಯವನು. ಪಕ್ಕದಲ್ಲಿ ನಿಂತು ಕೋಚ್‌ನ ಪಟ್ಟಿ ಹಿಡ್ಕೊಳ್ಳೋದು."

"ಕೋಚ್ ಏನಂದ?"

"ನಿನ್ನ ಕೈ ಚೆನ್ನಾಗಿದೆ ಅಂದ್ರು. ಆದ್ರೆ ಕೋಲ್ಟರಿನೋರು ಹೆದರೋದು ಕಂಕಲ್‌ಗೆ, ಆ ಒಂದು ಆಟ ಗೆಲ್ಲದಿದ್ರೆ ಊರೋರು ತನ್ನನ್ನ ಕೆಲಸದಲ್ಲಿ ಇಟ್ಕೊಳ್ಳಲ್ಲ ಅಂದ್ರು. ಅವನು ಎಸೆಯೋದು ನೋಡಿದ್ದೀಯಲ್ಲ ನೀನು. ಏನಿದೆ ಅಪ್ಪಾ ಅದರಲ್ಲಿ? ನಂಗೆ ಕಾಣ್ತಾನೇ ಇಲ್ಲ."

ಡೆನ್ನಿ ಹೇಳಿದ. ಮೊದಲಿಂದ ಕೊನೆಯವರೆಗೂ, ಡಾಟ್‌ನ ನಾದಿನಿ, ಮಣಿಕಟ್ಟು, ಉಲ್ಟಾ ತಿರುಗುವ ಚೆಂಡು, ಎಲ್ಲ. ನೋಲನ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹಂಗಾದ್ರೆ ಬಂದು ಕೋಚ್‌ಗೆ ಹೇಳು," ಎಂದ. "ನೀನು ಹೇಳಿದ್ರೆ ಎಲ್ರೂ ನಂಬ್ತಾರೆ."

ಮರುದಿನ ಡೆನ್ನಿ ಕಟ್ಟೆಯನ್ನು ಬೇರೆಯವನಿಗೆ ಒಪ್ಪಿಸಿ ಸೇತುವೆ ದಾಟಿದ. ಕೋಲ್ಟರಿನ ಮೆರೂನ್ ಅಂಗಿ ಹಾಕಬಾರದೆಂದು ಯೋಚಿಸಿ ಬಿಳಿಯದನ್ನು ಹಾಕಿದ್ದ. ಫೆರಿಸ್‌ಟನ್ ಮೈದಾನದ ಬೇಲಿಯ ಬಳಿ ಕೋಚ್ ಡಗನ್ ಸೀಟಿಯನ್ನು ಬಾಯಲ್ಲಿ ಕಚ್ಚಿಕೊಂಡು ನಿಂತಿದ್ದ. ದಪ್ಪಗಿನ, ಬಿಸಿಲಿಗೆ ಕೆಂಪೇರಿದ ಮನುಷ್ಯ. ಡೆನ್ನಿಯನ್ನು ಕಂಡೊಡನೆ ಕೈ ಚಾಚಿದ.

"ಹುದಾಕ್! ನೀವೇ ಅಲ್ವಾ ತೂಕದ ಯಾರ್ಡಿನವರು? ನಿಮ್ಮ ಕಣ್ಣಿನ ಬಗ್ಗೆ ಕೇಳಿದೀನಿ ಸಾರ್. ಆ ಭುಜದ ಕತೆ ಇವತ್ತಿಗೂ ನಮ್ಮೂರಲ್ಲಿ ಬೈಗುಳದ ಜೊತೆಗೇ ಹೇಳ್ತಾರೆ."

"ಅದಕ್ಕೇ ಬಂದೆ. ಕಂಕಲ್ ವಿಷಯ ನಾನು ಹೇಳಿದ್ದು ಸುಳ್ಳು. ಅವನ ಚೆಂಡು ಒದ್ದಾಡುತ್ತೆ. ಮೂವತ್ತು ಗಜ ದಾಟಿದ್ರೆ ಯಾರ ಕೈಗೆ ಬೀಳುತ್ತೆ ಅಂತ ಅವನಿಗೇ ಗೊತ್ತಿರಲ್ಲ."

"ಹೌದಾ?" ಡಗನ್ ಸೀಟಿ ತೆಗೆದ. "ಮತ್ತೆ ಯಾರನ್ನ ಹಾಕ್ಲಿ ಅಂತೀರಿ?"

"ನೋಲನ್."

"ನೋಲನ್ ಹುದಾಕ್," ಎಂದ ಡಗನ್, ಕೊನೆಯ ಮಾತನ್ನು ಒತ್ತಿ. ಅವನಿಗೆ ಸಿಟ್ಟು ಬಂದಿರಲಿಲ್ಲ, ಅದೇ ತೊಂದರೆ. ಬೇಲಿಯ ಮೇಲೆ ತೋಳೂರಿ ಸಮಾಧಾನವಾಗಿ ಮಾತಾಡಿದ. "ನೋಡಿ ಸಾರ್. ನನ್ನ ಜಾಗದಲ್ಲಿ ನಿಂತು ನೋಡಿ. ಕೋಲ್ಟರಿನವರೊಬ್ಬರು ಸೇತುವೆ ದಾಟಿ ಬಂದು, ನಿಮ್ಮ ಕ್ವಾರ್ಟರ್‌ಬ್ಯಾಕ್ ದಂಡ, ಬದಲಾಯಿಸಿ ಅಂತಾರೆ. ಬದಲಿಗೆ ತಮ್ಮ ಮಗನನ್ನ ಹಾಕಿ ಅಂತಾರೆ. ಇದರಲ್ಲಿ ಯಾವ ತುದಿ ಹಿಡಿದು ನಾನು ನಂಬ್ಲಿ?"

ಡೆನ್ನಿ ಮೈದಾನದ ಕಡೆ ಕೈ ತೋರಿದ.

"ನಿಮ್ಮ ಕಣ್ಣಿಗೆ ಏನು ಕಾಣುತ್ತೆ? ಅದನ್ನ ನಂಬಿ," ಎಂದ.

"ನನ್ನ ಕಣ್ಣಿಗೆ ನಿಮ್ಮ ಹುಡುಗನೇ ಕಾಣ್ತಾನೆ," ಎಂದ ಡಗನ್ ಮೆಲ್ಲಗೆ. "ಆದ್ರೆ ಇಲ್ಲಿ ಹದಿನೈದು ಮಂದಿ ಅಪ್ಪಂದಿರು ಕೋಲ್ಟರ್ ಫೈರ್ ಹಾಲಲ್ಲಿ ಮೀನು ತಿಂದು ಬಂದವರು. ನನ್ನ ಕಣ್ಣು ಅವರ ಮುಂದೆ ಎಷ್ಟು ದಿನ ನಡೆಯುತ್ತೆ?" ಸೀಟಿಯನ್ನು ಮತ್ತೆ ಬಾಯಿಗಿಟ್ಟುಕೊಂಡು ಹೋದ.

ಮೈದಾನದಲ್ಲಿ ಕಂಕಲ್ ಎಸೆದ. ಚೆಂಡು ಒದ್ದಾಡುತ್ತ ಹೋಗಿ ಹುಲ್ಲಿಗೆ ಬಿತ್ತು. ಬೇಲಿಯ ಅತ್ತ ತುದಿಯಲ್ಲಿ ನಿಂತಿದ್ದ ಹಸಿರು ಟೋಪಿಯ ಗಂಡಸರು ಚಪ್ಪಾಳೆ ತಟ್ಟಿದರು. "ತಿರುಗೋದು ನೋಡಿದ್ಯಾ? ಉಲ್ಟಾ!" ಎಂದ ಒಬ್ಬ.

ಆರು ಗಂಟೆಗೆ ಅಭ್ಯಾಸ ಮುಗಿಯಿತು. ನೋಲನ್ ಹೆಲ್ಮೆಟ್ಟನ್ನು ಬೆರಳಿಗೆ ಸಿಕ್ಕಿಸಿಕೊಂಡು ಬೇಲಿಯ ಬಳಿ ಬಂದ. ಅವನ ಜೆರ್ಸಿ ಬೆಳಿಗ್ಗೆ ಮಡಿಸಿದ ಹಾಗೆಯೇ ಇತ್ತು, ಹುಲ್ಲಿನ ಕಲೆ ಒಂದೂ ಇಲ್ಲ.

"ಹೇಳಿದ್ಯಾ?"

"ಹೇಳ್ದೆ."

"ಏನಂದ್ರು?"

ಡೆನ್ನಿ ಬೇಲಿಯ ತಂತಿಗೆ ಬೆರಳು ಸಿಕ್ಕಿಸಿ ನಿಂತ. "ನೀನೇ ಚೆನ್ನಾಗಿ ಎಸೀತೀಯ ಅಂತ ಅವನಿಗೂ ಗೊತ್ತಂತೆ."

ನೋಲನ್ ಅಪ್ಪನ ಬಿಳಿ ಅಂಗಿ ನೋಡಿದ. "ಸರಿ, ನಾಳೆ ಏಳಕ್ಕೆ ಬರಬೇಕು," ಎಂದು ಹೇಳಿ, ನೀರಿನ ಡಬ್ಬಿಗಳನ್ನು ಒಳಗೆ ಸಾಗಿಸಲು ಹೋದ. ಎರಡನೆಯವನ ಕೆಲಸದಲ್ಲಿ ಅದೂ ಸೇರಿತ್ತು.