ವೈಮಾನಿಕನಿಗೆ ಸುತ್ತಿದ ರುಮಾಲು

ವಿಮಾನದ ಸದ್ದು ಕೇಳಿದರೆ ಕಲಬುರಗಿಯ ಗಾಜಿಪುರದ ನಮ್ಮ ಓಣಿಯಲ್ಲಿ ಎಲ್ಲರೂ ತಲೆಯೆತ್ತಿ ನೋಡುತ್ತಿದ್ದೆವು. ನೀಲಮ್ಮ ಕಾಕಿ ಮಾತ್ರ ಕೈಯಲ್ಲಿನ ಕೆಲಸ ಬಿಟ್ಟು ಮೇಲೆ ನೋಡಿದವರಲ್ಲ. “ಇದು ನಮ್ಮಪ್ಪಂದಲ್ಲ ಬಿಡೋ. ನಮ್ಮಪ್ಪನ ಇಮಾನ ನೀರಾಗ ಇಳೀತಿತ್ತು” ಎನ್ನುತ್ತಿದ್ದರು. ಎಂಬತ್ತು ದಾಟಿದ ಮೇಲೂ ಆ ಮಾತಿನಲ್ಲಿ ಒಂದಿಷ್ಟು ಜಂಬ ಇದ್ದೇ ಇರುತ್ತಿತ್ತು.

ನಕ್ಕವರನ್ನು ಕಾಕಿ ಸುಮ್ಮನೆ ಬಿಡುತ್ತಿರಲಿಲ್ಲ. ಒಮ್ಮೆ ಬ್ಯಾಂಕಿನಲ್ಲಿರುವ ಅಳಿಯ ಊಟಕ್ಕೆ ಕುಳಿತವನು, “ಅತ್ತಿ, ಇಮಾನ ನೀರಾಗ ಇಳಿದ್ರ ಮುಳಗ್ತದ್ರೀ” ಎಂದ.

“ಯಾಕ ಮುಳಗ್ತದ? ಅದರ ಹೊಟ್ಟಿ ದೋಣಿ ಇದ್ದಂಗ ಇರ್ತದ. ಫೋಟೋದಾಗ ಕಣ್ಣಾರ ನೋಡೀನಿ ನಾ. ನೀವು ಬ್ಯಾಂಕಿನ್ಯಾಗ ಕುಂತು ಏನ್ ನೋಡೀರಿ, ಪಂಖಾ?”

ಪಾಪ, ಅಳಿಯ ಆಮೇಲೆ ತಟ್ಟೆಯಿಂದ ತಲೆ ಎತ್ತಲಿಲ್ಲ.

ಕಾಕಿಯ ತವರು ಕಮಲಾಪುರ. ಅವರಿನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗ ಅಪ್ಪ ಮನೆಯಲ್ಲಿ ಜಗಳಾಡಿ ಸೊಲ್ಲಾಪುರಕ್ಕೆ ಹೋಗಿ, ಎರಡನೇ ಮಹಾಯುದ್ಧದ ಸೈನ್ಯ ಭರ್ತಿಯಲ್ಲಿ ಸೇರಿಕೊಂಡನಂತೆ. ಮನೆಯವರು ಹುಡುಕಿಕೊಂಡು ಬಂದು ಎಳೆದೊಯ್ಯಬಾರದೆಂದು ಬೇರೆ ಹೆಸರು ಹೇಳಿದ್ದ. ಆ ಹೆಸರು ಊರಲ್ಲಿ ಯಾರಿಗೂ ಗೊತ್ತಿಲ್ಲ. ಮುಂದೆ ಟಪಾಲಿನಲ್ಲಿ ಒಂದೇ ಒಂದು ಫೋಟೋ ಬಂತು: ನೀರಿನ ಮೇಲೆ ಕುಳಿತ ವಿಮಾನ, ಅದರ ಮುಂದೆ ಸಾಲಾಗಿ ನಿಂತ ಸಿಪಾಯಿಗಳು, ನಡುವೆ ಟೊಪ್ಪಿಗೆ ಹಾಕಿಕೊಂಡು ನಗುತ್ತಿರುವ ಅಪ್ಪ. ಆಮೇಲೆ ಸುದ್ದಿಯೇ ಇಲ್ಲ. “ಎಲ್ಲಿ ಸತ್ತಾನ? ಅಲ್ಲೇ ಇನ್ನೊಬ್ಬಾಕಿನ್ನ ಮಾಡ್ಕೊಂಡು ಆರಾಮ ಅದಾನ” ಎಂದಿತು ಊರು. ಆ ಮಾತು ಕೇಳುತ್ತಲೇ ಕಾಕಿ ಬೆಳೆದರು, ಕೇಳುತ್ತಲೇ ಮದುವೆಯಾಗಿ ಕಲಬುರಗಿಗೆ ಬಂದರು. ಅಪ್ಪ ಯುದ್ಧದಲ್ಲಿ ಸತ್ತನೋ, ತಮ್ಮನ್ನು ಬಿಟ್ಟು ಹೋದನೋ? ಇದೊಂದು ತಿಳಿಯದೆ ಸಾಯುವುದಿಲ್ಲ ಎಂಬ ಹಟ ಅವರದು.

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು ಎಂಬ ಒಂದೇ ಕಾರಣಕ್ಕೆ ಆ ಹಟ ನನ್ನ ಹೆಗಲಿಗೆ ಬಿತ್ತು. ಅಂಥ ವಿಮಾನಗಳ ಸಿಬ್ಬಂದಿಯ ವಿವರ ಹುಡುಕಿ ಕಲೆಹಾಕುವ ಮುದುಕನೊಬ್ಬ ಬ್ರಿಟನ್ನಿನಲ್ಲಿದ್ದಾನೆಂದು ತಿಳಿದು ಅವನಿಗೆ ಬರೆದೆ. ಒಳ್ಳೆಯ ಮನುಷ್ಯ, ಕೂಡಲೇ ಉತ್ತರಿಸಿದ. ಹೆಸರು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ವಿಮಾನದ ಮೈಮೇಲಿನ ಅಕ್ಷರಗಳು ಫೋಟೋದಲ್ಲಿ ಕಂಡರೆ ಸಾಕು, ಅದರಲ್ಲಿದ್ದವರು ಏನಾದರೆಂದು ಪತ್ತೆ ಹಚ್ಚಬಹುದು ಎಂದ. ನಾನು ಕುಣಿಯುತ್ತ ಕಾಕಿಯ ಮನೆಗೆ ಓಡಿದೆ.

ಕಾಕಿ ಗೋಡೆಯ ಮೇಲಿನ ದೊಡ್ಡ ಫೋಟೋ ತೋರಿಸಿದರು. ತಲೆಗೆ ರೇಷ್ಮೆ ರುಮಾಲು, ಮೈಗೆ ಕರಿ ಕೋಟು, ಹಣೆ ತುಂಬ ವಿಭೂತಿ, ಹಿಂದೆ ನೀಲಿ ಪರದೆ. ವಿಮಾನವೂ ಇಲ್ಲ, ನೀರೂ ಇಲ್ಲ!

“ಶರಣಬಸಪ್ಪನ ಗುಡಿ ಹತ್ರದ ಸ್ಟುಡಿಯೋದಾಗ ದೊಡ್ಡದು ಮಾಡಿಸೀನಿ. ‘ಟೊಪ್ಪಿಗಿ ಇರ್ಲೇನ್ರಿ ಅಮ್ಮಾ?’ ಅಂದ ಅವ. ‘ಛೀ, ಟೊಪ್ಪಿಗಿ ಹಾಕಿದವಂಗ ಪೂಜಿ ಹ್ಯಾಂಗ ಮಾಡೂದು? ರುಮಾಲು ಸುತ್ತು, ಈಬತ್ತಿ ಹಚ್ಚು’ ಅಂದೆ.”

ಅವರನ್ನು ಬೈಯುವುದು ಹೇಗೆ? ನಮ್ಮ ಕಡೆ ಮನೆಮನೆಯಲ್ಲೂ ಹೋದವರ ಫೋಟೋಗೆ ಹೀಗೇ ಬಣ್ಣ ಹಚ್ಚಿಸುತ್ತಾರೆ. “ಆ ಹಳೀ ಫೋಟೋ ಎಲ್ಲದ ಕಾಕಿ?” ಎಂದೆ.

ಕಾಕಿಯ ಮುಖ ಬಿಳಿಚಿಕೊಂಡಿತು. “ಅವ್ವನ ಉಡ್ಯಾಗ ಇಟ್ಟೆನೋ ತಮ್ಮಾ. ಮಣ್ಣು ಮಾಡೂಮುಂದ.”

ಕಮಲಾಪುರದ ಹೊಲದಲ್ಲಿ ಅವ್ವನನ್ನು ಕುಳ್ಳಿರಿಸಿ ಸಮಾಧಿ ಮಾಡುವಾಗ, ಬದುಕಿದ್ದಾಗಂತೂ ಕೂಡಿ ಬಾಳಲಿಲ್ಲ, ಈಗಾದರೂ ಜೊತೆಗಿರಲಿ ಎಂದು ಮಗಳೇ ತನ್ನ ಕೈಯಾರೆ ಮಡಿಲಲ್ಲಿ ಇಟ್ಟಿದ್ದಳು. ಎಂಥ ಅನ್ಯಾಯ! ಪ್ರೀತಿಯಿಂದ ಮಾಡಿದ ಎರಡು ಕೆಲಸಗಳೇ ಸೇರಿ ಅಪ್ಪನ ಗುರುತು ಅಳಿಸಿಹಾಕಿದ್ದವು.

ಮರುದಿನ ಕಾಕಿ ನನ್ನನ್ನು ಕಮಲಾಪುರಕ್ಕೆ ಎಳೆದುಕೊಂಡು ಹೋದರು. ಕೆಂಪು ಬಾಳೆಯ ತೋಟದ ಅಂಚಿನಲ್ಲಿ ಅವ್ವನ ಸಮಾಧಿ. ಅದರ ಮುಂದೆ ಕುಳಿತು ಅಂಗೈಯಿಂದ ಮಣ್ಣು ಸವರುತ್ತಲೇ ಇದ್ದರು. ತೋಟ ನೋಡಿಕೊಳ್ಳುವ ಕಾಕಿಯ ಸೋದರಮಾವನ ಮಗ ಮೆಲ್ಲಗೆ, “ಅಕ್ಕಾ, ಅಗದು ನೋಡೂಣೇನು?” ಎಂದ.

“ಏ ಹುಚ್ಚಪ್ಯಾಲಿ! ಇಷ್ಟು ವರ್ಷ ಆದ ಮ್ಯಾಗ ಕಾಗದ ಉಳೀತದೇನೋ? ನಮ್ಮವ್ವನ ಉಳಿದಿಲ್ಲ!” ಎಂದು ರೇಗಿದರು. ರೇಗುತ್ತಲೇ ಬಿಕ್ಕಿ ಬಿಕ್ಕಿ ಅತ್ತರು. ಫೋಟೋ ಮಣ್ಣು ಸೇರಿದೆ ಎಂದು ಬ್ರಿಟನ್ನಿನ ಮುದುಕನಿಗೆ ಬರೆದೆ. ಅವನು ತಾನೇ ಏನು ಮಾಡಿಯಾನು?

ಆಮೇಲೆ ಕಾಕಿ ಅಪ್ಪನ ಮಾತೆತ್ತಲಿಲ್ಲ. ಊಟ ಕಡಿಮೆ ಮಾಡಿದರು. ಓಣಿಯವರ ಜೊತೆ ಜಗಳವನ್ನೂ ಬಿಟ್ಟರು. ಜಗಳ ಬಿಟ್ಟದ್ದು ನೋಡಿಯೇ ನಾನು ಹೆದರಿದೆ.

ಕೊನೆಯ ಸಲ ಮಾತಾಡಿಸಲು ಹೋದಾಗ ಹಾಸಿಗೆ ಹಿಡಿದಿದ್ದರು. ನನ್ನ ಕೈ ಹಿಡಿದುಕೊಂಡು, “ತಮ್ಮಾ, ನಮ್ಮಪ್ಪ ಸತ್ತಾನಂತ ಒಮ್ಮೆ ಹೇಳೋ. ನೀ ಓದಿದಾಂವ, ನೀ ಹೇಳಿದ್ರ ನಂಬತೀನಿ” ಎಂದರು. ಅಪ್ಪ ಸತ್ತಿರಲಿ ಎಂದು ಬೇಡುವ ಮಗಳನ್ನು ನಾನು ಕಂಡದ್ದು ಅದೇ ಮೊದಲು.

“ಖರೇನ ಸತ್ತಾರ ಕಾಕಿ. ಯುದ್ಧದಾಗ ಸತ್ತಾರ” ಎಂದೆ.

ಕಾಕಿ ನನ್ನ ಮುಖ ನೋಡಿದರು.

“ನಮ್ಮವ್ವನೂ ಹಿಂಗೇ ಹೇಳ್ತಿದ್ಲೋ” ಎಂದವರು ನನ್ನ ಕೈ ಬಿಟ್ಟು, ಗೋಡೆಯ ಕಡೆ ಹೊರಳಿ ಮಲಗಿದರು.